ಬಿ ಸೈಡಿನ ಕೊನೆಯ ಹಾಡು

ಭೀಮರಾಜನ ಕ್ಯಾಸೆಟ್ಟಿನ ನಲವತ್ತು ಪ್ರತಿಗಳು ಮೂರೇ ದಿನದಲ್ಲಿ ಖಾಲಿಯಾದವು. ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಎದುರಿದ್ದ ದಾದಾಪೀರನ ಅಂಗಡಿಯಲ್ಲಿ ಸಿನಿಮಾದ್ದಲ್ಲದ ಕ್ಯಾಸೆಟ್ಟು ಹಾಗೆ ಹೋದದ್ದು ಅದೇ ಮೊದಲು.

ಭೀಮರಾಜ ಅದೇ ಊರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಏಳು ಹಾಡು ತಾನೇ ಬರೆದು ತಾನೇ ಹಾಡಿದ್ದ. ಎಂಟನೆಯದು ಅವನ ತಾಯಿ ಕನಕಮ್ಮನದು. ಆಕೆ ಹಡಗಲಿಯಲ್ಲಿ ಬೇರೆಯವರ ತೋಟದ ಮಲ್ಲಿಗೆ ಮೊಗ್ಗು ಬಿಡಿಸುವವಳು. ಬಿಡಿಸುವಾಗ ಹಾಡುತ್ತಿದ್ದುದನ್ನೇ ಹೊಸಪೇಟೆಯ ಸ್ಟುಡಿಯೋದಲ್ಲಿ ಹಾಡಿಸಿದ್ದ. ಕೈಯಲ್ಲಿ ಗಿಡವಿಲ್ಲದೆ ಹಾಡು ಬರುವುದಿಲ್ಲ ಎಂದು ಆಕೆ ಅರ್ಧ ದಿನ ಕಾಡಿದ್ದಳು. ಸೂರ್ಯ ಹುಟ್ಟುವ ಮುಂಚಿನ ಆ ಸಮಯಕ್ಕೆ ಆಕೆ ಹೇಳುವ ಮಾತನ್ನೇ ಕ್ಯಾಸೆಟ್ಟಿನ ಹೆಸರಾಗಿಟ್ಟ: ಮಲ್ಲಿಗೆ ಹೊತ್ತು.

ಭಾನುವಾರ ಹಡಗಲಿಗೆ ಹೋಗಿ ಸುದ್ದಿ ಹೇಳಿದ.

“ನಲವತ್ತು ಮನ್ಯಾಗ ನನ್ನ ದನಿ ಐತೇನ್ಲೇ?” ಎಂದಳು ಕನಕಮ್ಮ.

“ಐತಬೇ.”

“ಯಾರ್ಯಾರ ಮನ್ಯಾಗ?”

ಅದು ಅವನಿಗೆ ಗೊತ್ತಿರಲಿಲ್ಲ. ಆಕೆ ಮಾತ್ರ ಮರುದಿನ ತೋಟದ ಹೆಂಗಸರಿಗೆಲ್ಲ ಹೇಳಿಬಿಟ್ಟಳು. ಆವತ್ತೇ ಸಂಜೆ ದಾದಾಪೀರ್ ಭೀಮರಾಜನನ್ನು ಅಂಗಡಿಗೆ ಕರೆಸಿದ. ಗಲ್ಲಾಪೆಟ್ಟಿಗೆಯ ಮೇಲೆ ಒಂಬತ್ತು ಕ್ಯಾಸೆಟ್ಟುಗಳು ವಾಪಸು ಬಂದು ಕೂತಿದ್ದವು.

ಆದದ್ದು ಇಷ್ಟು. ಅದೇ ವಾರ ಮಲ್ಲಿಗೆ ಹೊತ್ತು ಎಂಬ ಸಿನಿಮಾದ ಹಾಡುಗಳು ಬಂದಿದ್ದವು. ದಾದಾಪೀರ್ ಮದುವೆಗೆಂದು ಹೊಸಪೇಟೆಗೆ ಹೋಗಿದ್ದ. ಅಂಗಡಿಯಲ್ಲಿ ಕೂತಿದ್ದವಳು ಅವನ ಹೆಂಡತಿ ಸೈದಾ ಬೀ.

“ಮಲ್ಲಿಗೆ ಹೊತ್ತು ಐತೇನ್ರಿ ಅಂತ ಕೇಳಿದ್ರು. ಹೆಸರು ಓದಿದೆ, ಕೊಟ್ಟೆ. ನಂದೇನ್ ತಪ್ಪು?” ಎಂದಳು ಆಕೆ, ಸ್ಟೂಲಿನಿಂದ ಏಳದೆ.

“ತಪ್ಪಿಲ್ಲ ಬಿಡು ಮಾರಾಯ್ತಿ,” ಎಂದ ದಾದಾಪೀರ್. ಭೀಮರಾಜನ ಕಡೆ ತಿರುಗಿ, “ಜನ ಬೈಯಾಕ ಹತ್ಯಾರ ಸಾಹೇಬ್ರ. ಒಬ್ಬ ಬಂದು, ಹೀರೋಗೆ ನೆಗಡಿ ಆಗೈತೇನ್ರಿ ಅಂದ.”

ಹೀರೋ ಎಂದರೆ ತಾನೇ ಎಂದು ಭೀಮರಾಜನಿಗೆ ಗೊತ್ತಾಗಲು ಒಂದು ಕ್ಷಣ ಬೇಕಾಯಿತು.

“ಈಗೇನು ಮಾಡ್ತೀರಿ?”

“ಮಾಡೋದೇನು? ಅದರ ಮ್ಯಾಲೇ ಸಿನಿಮಾದ್ದು ರೆಕಾರ್ಡ್ ಹೊಡದು ಕೊಡಾಕ ಹತ್ತೀನಿ. ಆರು ಮಂದಿಗೆ ಕೊಟ್ಟೂ ಆತು.”

ಭೀಮರಾಜನ ಕ್ಯಾಸೆಟ್ಟುಗಳೆಲ್ಲ ಖಾಲಿ ಕ್ಯಾಸೆಟ್ಟಿಗೆ ನಕಲು ತೆಗೆದಂಥವು. ಮೇಲೆ ಮತ್ತೊಂದು ರೆಕಾರ್ಡ್ ಆಗದಂತೆ ಮುರಿಯಬೇಕಾದ ಹಿಂದಿನ ಪ್ಲಾಸ್ಟಿಕ್ ಚೂರನ್ನು ಅವನು ಒಂದರಲ್ಲೂ ಮುರಿದಿರಲಿಲ್ಲ.

“ಒಂದ್ ಮಾತು ಕೇಳದನ ನಮ್ಮವ್ವನ್ನ ಅಳಿಸಿದ್ರೇನ್ರಿ?” ಎಂದ. ದನಿ ಏರಿತ್ತು.

“ನಿಮ್ಮವ್ವ ಎಲ್ಲಿ ಬಂದ್ಲರೀ ಇದರಾಗ?”

ದಾದಾಪೀರ್ ಕ್ಯಾಸೆಟ್ಟನ್ನು ಕೊನೆಯವರೆಗೆ ಕೇಳಿಯೇ ಇರಲಿಲ್ಲ. ಭೀಮರಾಜ ಒಂದನ್ನು ಎತ್ತಿಕೊಂಡು, ಬಿ ಸೈಡ್ ಓಡಿಸಿ, ಕೊನೆಯ ಹಾಡು ಹಚ್ಚಿದ. ವಾದ್ಯವಿಲ್ಲ. ಮುದುಕಿಯೊಬ್ಬಳು ಒಂದೊಂದೇ ಗಿಡವನ್ನು ಕರೆದು, ನಿನ್ನೆ ಎಷ್ಟು ಕೊಟ್ಟೆ, ಇವತ್ತು ಯಾಕೆ ಮುನಿಸು ಎಂದು ವಿಚಾರಿಸುತ್ತಿದ್ದಳು. ನಡುವೆ ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ನಾಲ್ಕು ನಿಮಿಷ. ಹೊರಗೆ ಕೂಡ್ಲಿಗಿ ಬಸ್ಸು ಹಾರ್ನ್ ಹೊಡೆಯಿತು. ಸೈದಾ ಬೀ ಸ್ಟೂಲಿನಿಂದ ಎದ್ದು ಬಂದು ವಾಲ್ಯೂಮ್ ಏರಿಸಿದಳು.

ಹಾಡು ಮುಗಿದ ಮೇಲೆ ಆಕೆ ಗಂಡನಿಗೆ, “ಇದನ್ನ ಮುಟ್ಟಬ್ಯಾಡ್ರಿ,” ಎಂದಳು.

“ಸಿನಿಮಾದ್ದು ಎರಡೂ ಕಡೆ ತುಂಬತೈತಲ್ಲೇ. ಜಾಗ ಎಲ್ಲೈತಿ?”

“ಸಿನಿಮಾದ್ರಾಗ ಒಂದ ಹಾಡು ಎರಡು ಸಲ ಐತಿ. ಮೊದಲು ಖುಷೀಲೆ, ಆಮ್ಯಾಲ ಅಳಕೋತ. ಅಳೋದನ್ನ ಬಿಡ್ರಿ. ಯಾರು ಕೇಳ್ತಾರ ಅದನ್ನ?”

ದಾದಾಪೀರ್ ಲೆಕ್ಕ ಹಾಕಿ ನೋಡಿದ. ಜಾಗ ಆಗುತ್ತಿತ್ತು. “ಆದ್ರ ನಿಮ್ಮ ಏಳೂ ಹೋಗ್ತಾವ ಸಾಹೇಬ್ರ,” ಎಂದ.

ಆ ಏಳು ಹಾಡನ್ನು ಭೀಮರಾಜ ಎರಡು ವರ್ಷ ತಿದ್ದಿದ್ದ. ಅವು ಅಷ್ಟೇನೂ ಚೆನ್ನಾಗಿಲ್ಲವೆಂದು ಸ್ಟುಡಿಯೋದಲ್ಲೇ ಅನ್ನಿಸಿತ್ತು, ಯಾರಿಗೂ ಹೇಳಿರಲಿಲ್ಲ.

“ಹೋಗ್ಲಿ ಬಿಡ್ರಿ,” ಎಂದ.

ವಾಪಸು ಬಂದದ್ದಕ್ಕೆಲ್ಲ ದಾದಾಪೀರ್ ಹಾಗೆಯೇ ಮಾಡಿಕೊಟ್ಟ. ಮೊದಲು ಕೊಟ್ಟ ಆರರಲ್ಲಿ ಮುದುಕಿಯ ದನಿ ಹೋಗೇ ಹೋಗಿತ್ತು. ಅದಕ್ಕೆ ಏನೂ ಮಾಡುವಂತಿರಲಿಲ್ಲ. ಭೀಮರಾಜ ಇದಾವುದನ್ನೂ ತಾಯಿಗೆ ಹೇಳಲಿಲ್ಲ. ನಲವತ್ತು ಮನೆ ಎಂದು ಆಕೆ ಇಡೀ ಓಣಿಗೆ ಸಾರಿದ್ದಳು. ಜನ ಕೊಂಡದ್ದು ತಪ್ಪಿ ಎಂದು ಯಾವ ಬಾಯಿಂದ ಹೇಳುವುದು?

ತಿಂಗಳಾದ ಮೇಲೆ ಕಣ್ಣು ತೋರಿಸಲೆಂದು ಆಕೆಯನ್ನು ಹಡಗಲಿಯಿಂದ ಕರೆದುಕೊಂಡು ಬರುತ್ತಿದ್ದ. ಬೆಳಗಿನ ಬಸ್ಸು ತಪ್ಪಿತು. ಹೂವಿನ ಬುಟ್ಟಿ ಸಾಗಿಸುತ್ತಿದ್ದ ಡ್ರೈವರ್ ಹುಲುಗಣ್ಣನ ಟೆಂಪೋದಲ್ಲಿ ಮುಂದಿನ ಸೀಟಿಗೆ ಇಬ್ಬರೂ ಒತ್ತಿಕೊಂಡು ಕೂತರು. ಟೇಪಿನಲ್ಲಿ ಸಿನಿಮಾ ಹಾಡುಗಳು ಬರುತ್ತಿದ್ದವು. ತಂಬ್ರಹಳ್ಳಿ ಹತ್ತಿರ ಬಂದಾಗ ಹುಡುಗ ಹುಡುಗಿಯ ಹಾಡು ಮುಗಿಯಿತು. ಕಿರ್ರ್ ಎಂದು ಸದ್ದಾಯಿತು. ಆಮೇಲೆ ಕನಕಮ್ಮನ ದನಿ ಗಿಡಗಳನ್ನು ಕರೆಯತೊಡಗಿತು.

ಭೀಮರಾಜ ಕಿಟಕಿಯ ಕಡೆ ಮುಖ ತಿರುಗಿಸಿದ.

“ಈ ಸಿನಿಮಾದಾಗ ಇದೊಂದ ಹಾಡು ಭಾಳ ಛಲೋ ಐತಿ ನೋಡಮ್ಮ,” ಎಂದ ಹುಲುಗಣ್ಣ. “ಯಾರು ಹಾಡ್ಯಾರೋ ಏನೋ.”

ಕನಕಮ್ಮ ಕೊನೆಯವರೆಗೂ ಕೇಳಿಸಿಕೊಂಡು ಮಗನ ಕಡೆ ತಿರುಗಿದಳು.

“ನಿನ್ನ ಹಾಡು ಎಲ್ಲಿಲೇ?”

“ಅಳಿಸ್ಯಾರಬೇ.”

“ಯಾಕ?”

ಹೇಳಿದ. ಒಂದೇ ಹೆಸರಿನ ಎರಡು ಕ್ಯಾಸೆಟ್ಟು, ವಾಪಸು ಬಂದದ್ದು, ಬಿ ಸೈಡಿನ ಕೊನೆಯ ನಾಲ್ಕು ನಿಮಿಷ, ಎಲ್ಲ. ನಲವತ್ತು ಮನೆಯವರು ಬೇಕಂತ ತಂದದ್ದಲ್ಲ ಎಂಬುದನ್ನೂ ಹೇಳಿದ. ಹುಲುಗಣ್ಣ ಬಾಯಿ ತೆರೆದುಕೊಂಡು ಒಮ್ಮೆ ಮುದುಕಿಯನ್ನು, ಒಮ್ಮೆ ರಸ್ತೆಯನ್ನು ನೋಡಿದ.

“ತಪ್ಪಿ ತಂದ್ರ ಏನಾತು, ಕೇಳ್ಯಾರಲ್ಲ,” ಎಂದಳು ಕನಕಮ್ಮ. “ನಿನ್ನವು ಏಳೂ ಅಳಿಸಾಕ ಕೊಟ್ಟೆಲ್ಲ, ನನ್ನ ಒಂದು ಮಾತು ಕೇಳಬಾರದಾಗಿತ್ತೇನು, ಹುಚ್ಚಪ್ಯಾಲಿ?”

“ಕೇಳಿದ್ರ ಏನಂತಿದ್ದಿ?”

“ನಂದು ತಗಿ ಅಂತಿದ್ದೆ.”

“ಅದಕ್ಕ ಕೇಳಲಿಲ್ಲ.”

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹುಲುಗಣ್ಣ, ಅದನ್ನ ಬಂದ್ ಮಾಡು. ನಿನ್ನ ಹಾಡು ಹಾಡಲೇ ನೀನು.”

“ಇಲ್ಲಿ ಎಲ್ಲೀ ಹಾಡಬೇ, ನಾಚಿಕಿ ಬರತೈತಿ.”

“ಬಂದ್ ಮಾಡೀನ್ರಿ ಸಾಹೇಬ್ರ, ಹಾಡ್ರಿ,” ಎಂದ ಹುಲುಗಣ್ಣ.

ಭೀಮರಾಜ ಹಾಡಿದ. ಮೊದಲ ಸಾಲಿಗೇ ದನಿ ಒಡೆಯಿತು. ಹುಲುಗಣ್ಣ ಮೀಸೆಯೊಳಗೇ ನಕ್ಕ. ಕನಕಮ್ಮ ಮಗನ ತೊಡೆಯ ಮೇಲೆ ಬಡಿದು, “ಅವಸರ ಮಾಡಬ್ಯಾಡ, ಮತ್ತ ಮೊದಲಿಂದ,” ಎಂದಳು.