ಗಣಿತ ವಿಭಾಗದ ಕರಿಕಲ್ಲು

ನಾನು ಕಡಪ ಕಲ್ಲಿನ ಒಂದು ಚಪ್ಪಡಿ. ಗಣಿಯಲ್ಲಿ ಕೊಯ್ದಾಗ ಅಡುಗೆಮನೆಯ ಕಟ್ಟೆಯೇ ನನ್ನ ಹಣೆಬರಹ ಎಂದುಕೊಂಡಿದ್ದೆ. ಆದರೆ ರಾಯಚೂರಿನ ಕಾಲೇಜೊಂದು ನನ್ನನ್ನು ಕೊಂಡು, ಗಣಿತ ವಿಭಾಗದ ಗೋಡೆಗೆ ಕೂರಿಸಿ ಬೋರ್ಡು ಮಾಡಿತು. ಒಗ್ಗರಣೆಯ ಘಮ ತಪ್ಪಿತು, ಸೀಮೆಸುಣ್ಣದ ಧೂಳು ಗಂಟುಬಿತ್ತು.

ನನ್ನ ಮೇಲೆ ಬರೆದವರಲ್ಲಿ ನಾನು ಹಚ್ಚಿಕೊಂಡಿದ್ದು ಮಹಾನಂದಾಳನ್ನು. ಎಂ.ಎಸ್ಸಿ. ಓದುತ್ತಿದ್ದ ಹುಡುಗಿ. ಅವಿಭಾಜ್ಯ ಸಂಖ್ಯೆಗಳ ಒಂದು ಪ್ರಶ್ನೆ ತಲೆಹೊಕ್ಕು ಊಟವನ್ನೇ ಮರೆಯುತ್ತಿದ್ದಳು. ಪಿಎಚ್.ಡಿ.ಗೆ ಎರಡು ಕಡೆ ಸೀಟು ಸಿಕ್ಕಿದ್ದೇ ತಡ, ಅವಳ ನೆಮ್ಮದಿ ಹಾರಿಹೋಯಿತು. ಒಂದು, ದೇಶಕ್ಕೆಲ್ಲ ಗೊತ್ತಿರುವ ಸಂಸ್ಥೆ. ಅಲ್ಲಿ ಅವಳ ವಿಷಯಕ್ಕೆ ಗೈಡ್ ಇಲ್ಲ. ಇನ್ನೊಂದು, ಯಾರೂ ಹೆಸರು ಕೇಳದ ವಿಶ್ವವಿದ್ಯಾಲಯ. ಅಲ್ಲಿ ಗೈಡ್ ಇದ್ದಾರೆ, ಆದರೆ ನಿವೃತ್ತಿಯ ಅಂಚಿನಲ್ಲಿ.

ಅವಳ ಮೇಷ್ಟ್ರು ಬಸವಂತರಾಯ ಸರ್ ಅದೇ ದೊಡ್ಡ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದವರು. ಅವಳ ಮನಸ್ಸು ಚಿಕ್ಕದರ ಕಡೆಗೇ ವಾಲುವುದನ್ನು ಕಂಡು ಗದರಿಯೇಬಿಟ್ಟರು.

"ಹುಚ್ಚಿ ಏನವ್ವಾ ನೀನು? ದೊಡ್ಡ ಜಾಗಕ್ಕ ಹೋಗು. ಅವರು ಏನು ಕೊಡ್ತಾರೋ ಅದನ್ನ ಮಾಡು."

"ಸರ್, ನೀವು ಅಲ್ಲಿ ಮಾಡಿದ್ದು ಸ್ವಲ್ಪ ಬರೆದು ತೋರಿಸ್ರಿ."

ಅವಳು ಕೇಳಿದ್ದು ಆಸೆಯಿಂದಲೇ, ಕೊಂಕಿನಿಂದಲ್ಲ. ಸರ್ ಹುರುಪಿನಿಂದ ಎದ್ದು ಬಂದು ಎರಡು ಸಾಲು ಬರೆದರು. ಆಮೇಲೆ ಕೈ ಓಡಲಿಲ್ಲ.

"ನಮ್ಮ ಗೈಡ್ ಕೊಟ್ಟ ಪ್ರಾಬ್ಲಮ್ ಅದು," ಎಂದರು. "ಡಿಗ್ರಿ ಬಂದ ಮ್ಯಾಲ ಮುಟ್ಟೇ ಇಲ್ಲ."

ಬಟ್ಟೆ ಹುಡುಕದೆ ಅಂಗೈಯಿಂದಲೇ ಒರೆಸಿಬಿಟ್ಟರು. ಮಹಾನಂದಾ ಚಿಕ್ಕ ವಿಶ್ವವಿದ್ಯಾಲಯಕ್ಕೆ ಹೋದಳು. ಸರ್ ಮಾತು ಬಿಟ್ಟರು.

ಮುಂದೆ ಗೋಡೆಗೆ ಸ್ಮಾರ್ಟ್ ಬೋರ್ಡ್ ಬಂತು, ನನ್ನನ್ನು ಬೇವಿನ ಮರದಡಿ ಕುಳಿತುಕೊಳ್ಳುವ ಕಟ್ಟೆ ಮಾಡಿದರು. ಮೂಲೆ ಮುಕ್ಕಾಗಿದೆ, ವಯಸ್ಸಾಗಿದೆ. ನಿವೃತ್ತರಾದ ಸರ್ ಸಂಜೆ ಬಂದು ನನ್ನ ಮೇಲೆ ಕೂರುತ್ತಾರೆ. ಮೊನ್ನೆ ಬೇಸಿಗೆಯಲ್ಲಿ ಮಹಾನಂದಾ ಅವರನ್ನು ಹುಡುಕಿಕೊಂಡು ಬಂದಳು. ಗೈಡ್ ನಿವೃತ್ತರಾಗಿದ್ದಾರೆ, ಫೆಲೋಶಿಪ್ ಮುಗಿದಿದೆ, ಪ್ರಶ್ನೆ ಮಾತ್ರ ಬಗೆಹರಿದಿಲ್ಲ. ಟ್ಯೂಷನ್ ಹೇಳಿಕೊಂಡು ದಿನ ತಳ್ಳುತ್ತಿದ್ದಾಳೆ.

ಸರ್ ತಾವಾಗಿಯೇ ಮಾತು ತೆಗೆದರು. "ತಪ್ಪು ಮಾಡಿದೆ ಅನಸ್ತದೇನವ್ವಾ?"

"ಗೊತ್ತಿಲ್ರಿ ಸರ್. ಒಮ್ಮೊಮ್ಮೆ ಅಳು ಬರ್ತದ. ಆದರ ಮುಂಜಾನೆ ಎದ್ದ ಕೂಡಲೇ ಆ ಪ್ರಶ್ನೆ ಮುಂದನ ಕೂತಿರ್ತೀನಿ."

ಸರ್ ನನ್ನ ಮುಕ್ಕಾದ ಮೂಲೆಯನ್ನು ಬೆರಳಿನಿಂದ ಸವರಿದರು.

"ನನಗ ಹಂಗ ಒಂದು ದಿನಾನೂ ಆಗಲಿಲ್ಲ ನೋಡು," ಎಂದರು.

ಅವಳಿಗಾಗಿ ಮರುಗಬೇಕೆಂದಿದ್ದೆ. ನಾನು ಮರುಗಿದ್ದು ಸರ್‌ಗಾಗಿ.