ಊಟದ ಫೋಲ್ಡರ್

ಮತ್ತೆ ಅದೇ ಸಾಲು, ಅಂಥ ಫೋಲ್ಡರ್ ಇಲ್ಲವಂತೆ, ಇಲ್ಲ ಅಂದರೆ ಹೇಗೆ, ಕಣ್ಣೆದುರಿಗೇ ಇದೆಯಲ್ಲ, ಹಿರೇನಲ್ಲೂರು ಬಸವರಾಜ ಮದುವೆ — ಅನುಪಮಾ ಕಂಪ್ಯೂಟರ್ ಪರದೆಯ ಧೂಳನ್ನು ವೇಲಿನಿಂದ ಒರೆಸಿದಳು, ಒರೆಸಿದರೆ ಇಲ್ಲದ್ದು ಬಂದೀತೇ, ಹೊರಗೆ ತರೀಕೆರೆ ತರೀಕೆರೆ ಅಂತ ಕಂಡಕ್ಟರ್ ಕೂಗುತ್ತಿದ್ದಾನೆ, ಸ್ಟುಡಿಯೋದ ಬೆಂಚಿನ ಮೇಲೆ ದೊಡ್ಡಬೀರಪ್ಪಜ್ಜ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಬೆಳಿಗ್ಗೆಯಿಂದ ಕೂತೇ ಇದ್ದಾರೆ, ಹೆಂಡತಿ ಕೆಂಚಮ್ಮ ತೀರಿಕೊಂಡಳು, ನಾಳೆ ತಿಥಿ, ಗೋಡೆಗೆ ಹಾಕಲು ಒಂದು ಮುಖ ಬೇಕು, ಆಧಾರ್ ಕಾರ್ಡಿಂದು ಐತೆ, ಅದು ಅವಳಲ್ಲ ಕಣವ್ವ, ಅದ್ಯಾರೋ ಹೆದರ್ಕಂಡಿರೋ ಹೆಂಗಸು. ಕ್ಯಾಮೆರಾ ಎತ್ತಿದರೆ ಸಾಕು, ಕೆಂಚಮ್ಮನ ಸೆರಗು ಬಾಯಿಗೆ ಅಡ್ಡ ಬರುತ್ತಿತ್ತು, ನನ್ ಮೊಕ ಏನ್ ತೆಗೀತೀಯ, ಮದುವಣಗಿತ್ತೀದು ತೆಗಿ ಹೋಗು. ಬಿಡೇ, ಆಧಾರ್ ಫೋಟೋನೇ ದೊಡ್ಡದ್ ಮಾಡ್ಕೊಡೋಣ, ಅಷ್ಟು ಮದುವೇಲಿ ಯಾರ್ ಹುಡುಕ್ತಾರೆ — ಗಂಡ ಭೈರೇಶ್ ಹಾಗಂದು ಅಜ್ಜಂಪುರದ ನಾಮಕರಣಕ್ಕೆ ಹೊರಟುಹೋದ. ಬಿಡುವುದಿಲ್ಲ. ನೆಂಟರ ಮದುವೆಗಳಲ್ಲೆಲ್ಲ ಬಡಿಸಲು ನಿಲ್ಲುತ್ತಿದ್ದವಳು ಕೆಂಚಮ್ಮನೇ, ಪ್ರತಿ ಮದುವೆಯ ಫೋಲ್ಡರಿನೊಳಗೂ ಚಪ್ಪರ, ಧಾರೆ, ಊಟ ಅಂತ ಒಳಫೋಲ್ಡರುಗಳು, ಊಟದ್ದನ್ನು ಯಾರೂ ಆಲ್ಬಮ್ಮಿಗೆ ಹಾಕಿಸುವುದಿಲ್ಲ, ಬಾಯ್ತುಂಬ ಅನ್ನ ಇರೋ ಫೋಟೋ ಯಾರಿಗ್ ಬೇಕು, ಆದರೂ ಅನುಪಮಾ ಅಳಿಸಿರಲಿಲ್ಲ, ಒಂದೊಂದನ್ನೇ ತೆರೆಯುತ್ತ ಕೂತರೆ ತಿಥಿಯೇ ಮುಗಿದುಹೋಗುತ್ತದೆ, ಅದಕ್ಕೇ ಕಂಪ್ಯೂಟರಿಗೆ ಬರೆದುಕೊಟ್ಟ ಈ ಸ್ಕ್ರಿಪ್ಟ್, ಡಿಪ್ಲೊಮಾದಲ್ಲಿ ಕಲಿತ ಲೂಪ್, ಒಂದು ಫೋಲ್ಡರಿಗೆ ಹೋಗು, ಅದರೊಳಗಿನ ಊಟಕ್ಕೆ ಹೋಗು, ಫೋಟೋಗಳನ್ನೆಲ್ಲ ಒಂದೇ ಕಡೆ ತಂದು ಹಾಕು, ಮುಂದಿನ ಫೋಲ್ಡರಿಗೆ ಹೋಗು — ಅಮೃತಾಪುರದ್ದು ಬಂತು, ಲಿಂಗದಹಳ್ಳಿಯದು ಬಂತು, ಇಲ್ಲೇ ಯಾಕೆ ನಿಂತಿತು, ತಡಿ, ಸರಿಯಾಗಿ ಓದು, ಹಿರೇನಲ್ಲೂರು ಇಲ್ಲ, ಬಸವರಾಜ ಇಲ್ಲ, ಮದುವೆ ಇಲ್ಲ, ಅಯ್ಯೋ, ಒಂದು ಹೆಸರನ್ನು ಮೂರು ಮಾಡಿಕೊಂಡು ಹುಡುಕುತ್ತಿದೆ ಇದು, ಅವಳು ಇಟ್ಟ ಹೆಸರುಗಳೆಲ್ಲ ಒಂದೇ ಪದ, ಭೈರೇಶ್ ಇಟ್ಟವು ನಡುವೆ ಜಾಗ ಬಿಟ್ಟಂಥವು, ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿದರೆ ಆಯಿತು, ಹಾಕಿದಳು, ಎಂಟರ್. ಸಿಗ್ತದೇನವ್ವಾ. ಸಿಗ್ತದಜ್ಜ, ಕೂತ್ಕಳಿ. ಈಗ ನಿಲ್ಲದೆ ಸುರಿಯುತ್ತಿವೆ, ಎಲೆ, ಉಪ್ಪಿನಕಾಯಿ, ಯಾರದೋ ಬೋಳುತಲೆ, ಹಸಿರು ಬಳೆಯ ಕೈಯೊಂದು ಬಕೆಟ್ ಹಿಡಿದಿದೆ, ಮುಖ ಚೌಕಟ್ಟಿನಾಚೆ, ಮತ್ತೊಂದು ಮದುವೆ, ಅದೇ ಬಳೆ, ಬಕೆಟ್, ಮುಖವಿಲ್ಲ, ಛೆ, ಕ್ಯಾಮೆರಾ ಇನ್ನೊಂಚೂರು ಮೇಲಕ್ಕೆ ಹಿಡಿದಿದ್ದರೆ ಏನಾಗುತ್ತಿತ್ತು, ಮುಂದೆ, ಮುಂದೆ, ಅಜ್ಜ ಯಾವಾಗ ಎದ್ದುಬಂದು ಬೆನ್ನ ಹಿಂದೆ ನಿಂತರೋ, ನಿಲ್ಸವ್ವ ಅಂದರು, ಮೆಲ್ಲಗೆ — ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಒಂದು ಕೈಯಲ್ಲಿ ಬಕೆಟ್, ಒಂದು ಕೈಯಲ್ಲಿ ಸೌಟು, ಬಾಯಿ ಮುಚ್ಚಿಕೊಳ್ಳಲು ಮೂರನೆಯ ಕೈಯಿಲ್ಲ, ಹಸಿರು ಬಳೆ, ಬಕೆಟ್, ಸೌಟು, ಬಾಯ್ತುಂಬ ನಗು