ಒಂಬತ್ತನೇ ಕಲಮು

ಇದನ್ನು ಹೇಳುವ ಅರ್ಹತೆ ನನಗಿದೆಯೇ ಎಂದು ಇನ್ನೂ ಅನುಮಾನ. ಬೆರಳು ಹೋದದ್ದು ನನ್ನದಲ್ಲ. ನಾನು ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದವನು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದವನು. ಶಕೀಲಾ ಹೇಳಿದ್ದರೆ ಚೆನ್ನಾಗಿ ಹೇಳುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ತಪ್ಪಿದ್ದರೆ ಮನ್ನಿಸಬೇಕು.

ಎರಡು ಸಾವಿರದ ನಾಲ್ಕನೇ ಇಸವಿ. ಮಹದೇವಪುರದ ನಮ್ಮ ಕಾರ್ಖಾನೆಯಲ್ಲಿ ತಗಡು ಒತ್ತುವ ಹನ್ನೊಂದು ಪ್ರೆಸ್‌ಗಳಿದ್ದವು. ಪ್ರತಿಯೊಂದಕ್ಕೂ ಎರಡು ಗುಂಡಿ. ಎರಡು ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬರಬೇಕು. ಆಗ ಕೈ ಒಳಗೆ ಸಿಕ್ಕುವುದಿಲ್ಲ. ಆದರೆ ಗಂಟೆಗೆ ನಾನೂರು ಪೀಸೂ ಆಗುವುದಿಲ್ಲ. ಅದಕ್ಕೆ ಮ್ಯಾನೇಜರು ಎಡಗಡೆಯ ಗುಂಡಿಯನ್ನು ಅದುಮಿ ಟೇಪು ಸುತ್ತಿಸುತ್ತಿದ್ದರು. ಎಡಗೈ ತಗಡು ಇಡುತ್ತಿತ್ತು, ಬಲಗೈ ಗುಂಡಿ ಒತ್ತುತ್ತಿತ್ತು. ಟೇಪು ಸ್ಟೋರಿನಿಂದಲೇ ಬರುತ್ತಿತ್ತು.

ಜುಲೈ ತಿಂಗಳಲ್ಲಿ ಏಳನೇ ಪ್ರೆಸ್ಸು ಶಕೀಲಾರ ಎಡಗೈಯ ಎರಡು ಬೆರಳು ತೆಗೆಯಿತು. ಟ್ಯಾನರಿ ರೋಡಿನಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದ ಹೆಂಗಸು. ಕಾರ್ಮಿಕ ವಿಮೆಯ ಇಎಸ್‌ಐ ಆಸ್ಪತ್ರೆಗೆ ಒಯ್ದರೆ ದಾಖಲಾಗುತ್ತದೆಂದು ಯಾವುದೋ ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಹಾಕಿಸಿದರು.

ಕಾರಣವಿತ್ತು. ಸುರಕ್ಷತಾ ಸರ್ಟಿಫಿಕೇಟು ಕೊಡಲು ಆಡಿಟರು ಬರುವುದಕ್ಕೆ ಮೂರು ವಾರವಿತ್ತು. ಸರ್ಟಿಫಿಕೇಟಿದ್ದರೆ ಹೊರದೇಶದ ಆರ್ಡರು. ಗಾಯಗೊಂಡವರು ಒಂದು ದಿನ ಕೆಲಸ ತಪ್ಪಿಸಿದರೂ ಅದು ಅಪಘಾತವೆಂದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮರುದಿನವೇ ಕಂಪನಿಯ ವ್ಯಾನು ಶಕೀಲಾರನ್ನು ಮನೆಯಿಂದ ಕರೆತಂದು ಕ್ಯಾಂಟೀನಿನ ಬೆಂಚಿನ ಮೇಲೆ ಕೂರಿಸಿತು. ದಿನಾ ಹಾಗೆಯೇ. ಅವರ ಹಾಜರಿ ಕಾರ್ಡು ಪಂಚ್ ಮಾಡುತ್ತಿದ್ದವನು ನಾನು. ಅಪಘಾತದ ಪುಸ್ತಕವೂ ನನ್ನ ಬಳಿಯೇ ಇತ್ತು.

"ಸಾರ್, ಪುಸ್ತಕದಲ್ಲಿ ನಂದು ಬರ್ದ್ರಾ?" ಎಂದು ಒಂದು ದಿನ ಊಟದ ಹೊತ್ತಿಗೆ ಅವರು ಕೇಳಿದರು.

"ಆಡಿಟ್ ಮುಗೀಲಿ ಅಂದಿದಾರೆ ಮ್ಯಾನೇಜರು."

"ಬರೀದೆ ಇದ್ರೆ ಪೆನ್ಶನ್ ಇಲ್ವಂತೆ. ಮನೇಲಿ ಈರುಳ್ಳಿ ಹೆಚ್ಚೋವಾಗ ಕುಯ್ಕೊಂಡ್ಳು ಅಂತ ಕಂಪನಿಯೋರು ಅಂದ್ಬಿಟ್ರೆ ನಾನ್ ಏನ್ ತೋರಿಸ್ಲಿ?"

ಪಕ್ಕದಲ್ಲಿ ಮುದ್ದೆ ಮುರಿಯುತ್ತಿದ್ದ ಪಟಾಲಮ್ಮ ನಕ್ಕರು. ಊರಿನವರೇ, ಹಳೇ ಕೆಲಸಗಾರರು. "ಅವನ್ನ ಯಾಕೆ ಕೇಳ್ತೀಯಾ ಶಕೀಲಾ? ಪೆನ್ನು ಹಿಡಿಯೋ ಬೆರಳು ಅವು. ಒಂದ್ಸಲ ಪ್ರೆಸ್ಸಿಗಿಕ್ಲಿ, ತಾನೇ ಬರೀತಾನೆ."

ನಾನು ಊಟ ಬಿಟ್ಟು ಎದ್ದೆ.

ಅದೇ ವಾರ ಮ್ಯಾನೇಜರ್ ಪ್ರೇಮ್‌ಕುಮಾರ್ ಇಂಗ್ಲಿಷಿನ ಸುರಕ್ಷತಾ ನಿಯಮಗಳನ್ನು ನನ್ನ ಮೇಜಿನ ಮೇಲೆ ಹಾಕಿದರು. "ಕನ್ನಡದಲ್ಲಿ ಮಾಡಪ್ಪ. ಮುಖ್ಯವಾದ್ದು ನಾಕು ಲೈನ್ ಸಾಕು. ಯಾರ್ ಓದ್ತಾರೆ?"

ಯಾವ ನಾಲ್ಕು? ಬಿಟ್ಟದ್ದೇ ಮುಖ್ಯವಾಗಿಬಿಟ್ಟರೆ? ಆರಿಸುವ ಧೈರ್ಯವಿಲ್ಲದೆ ಹದಿನಾಲ್ಕು ಕಲಮನ್ನೂ ಬರೆದೆ. ಅವರು ಓದದೆ ಸಹಿ ಹಾಕಿದರು. ಪ್ರತಿ ಪ್ರೆಸ್ಸಿನ ಪಕ್ಕದಲ್ಲೂ ಅಂಟಿಸಿದರು.

ಆಡಿಟಿನ ಬೆಳಿಗ್ಗೆ ಟೇಪುಗಳನ್ನೆಲ್ಲ ಬಿಚ್ಚಿಸಿದರು. ಹತ್ತು ಗಂಟೆಗೆ ಒಂದೊಂದಾಗಿ ಹನ್ನೊಂದು ಪ್ರೆಸ್ಸೂ ನಿಂತವು. ಶೆಡ್ಡಿನಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಪ್ರೇಮ್‌ಕುಮಾರ್ ಓಡಿಬಂದರು. ಅಪಘಾತದ ಪುಸ್ತಕ ಹಿಡಿದು ಹಿಂದೆ ನಾನು.

"ಏನ್ರಮ್ಮ ಇದು? ಆಡಿಟರ್ ಆಫೀಸಲ್ಲಿ ಕಾಫಿ ಕುಡೀತಿದಾರೆ."

"ಕುಡೀಲಿ ಬಿಡಿ," ಎಂದರು ಪಟಾಲಮ್ಮ. "ಧನಲಕ್ಷ್ಮಿ, ಒಂಬತ್ತನೇದು ಓದವ್ವ."

ಒಂದನೇ ಪ್ರೆಸ್ಸಿನ ಧನಲಕ್ಷ್ಮಿ ಓದಿದಳು. "ಅಪಘಾತವಾದರೆ ಅದನ್ನು ಪುಸ್ತಕದಲ್ಲಿ ದಾಖಲಿಸುವವರೆಗೆ ಅಂಥ ಯಾವ ಯಂತ್ರವನ್ನೂ ನಡೆಸಬಾರದು. ನಿರಾಕರಿಸುವ ಹಕ್ಕು ಕೆಲಸಗಾರರಿಗಿದೆ."

"ನಿಮ್ದೇ ಸೈನು ಸಾರ್," ಎಂದರು ಪಟಾಲಮ್ಮ. "ನೀವ್ ಹೇಳ್ದಂಗೇ ಕೇಳ್ತಿದೀವಿ."

ಪ್ರೇಮ್‌ಕುಮಾರ್ ನನ್ನ ಕಡೆ ತಿರುಗಿದರು. "ಇದನ್ನ ಯಾಕ್ ಹಾಕ್ದೆ?"

"ಇಂಗ್ಲಿಷಲ್ಲಿ ಇತ್ತು ಸಾರ್."

"ಸರಿ, ಬರಿ. ಸಣ್ಣ ಗಾಯ ಅಂತ ಬರಿ."

ಶಕೀಲಾ ಕ್ಯಾಂಟೀನಿನಿಂದ ಎದ್ದು ಬಂದಿದ್ದರು. ಬ್ಯಾಂಡೇಜಿನ ಕೈಯನ್ನು ಪುಸ್ತಕದ ಮೇಲಿಟ್ಟರು. "ಎರಡು ಬೆರಳು ಅಂತ ಬರೀರಿ ಸಾರ್. ಟೇಪು ಸುತ್ತಿತ್ತು ಅಂತಾನೂ ಬರೀರಿ. ಸುತ್ಸಿದ್ದು ಯಾರು ಅಂತಾನೂ."

ಬರೆದೆ. ಅಲ್ಲಿಗೇ ನಿಲ್ಲಿಸಲಿಲ್ಲ. ಅವರು ಹದಿನೆಂಟು ದಿನ ಕೆಲಸ ಮಾಡಿಲ್ಲ, ಅವರ ಕಾರ್ಡು ಪಂಚ್ ಮಾಡಿದವನು ನಾನೇ ಎಂದೂ ಬರೆದೆ.

"ಜೋರಾಗಿ ಓದಪ್ಪ," ಎಂದರು ಪಟಾಲಮ್ಮ. "ನಮ್ಗೂ ಕೇಳ್ಲಿ."

ಓದಿದೆ. ಮುಗಿಸಿ ತಲೆ ಎತ್ತಿದಾಗ ಆಡಿಟರು ಬಾಗಿಲಲ್ಲಿ ನಿಂತಿದ್ದರು. ಅವರೂ ಏನೋ ಬರೆದುಕೊಂಡರು. ಅಂದು ಸಂಜೆಯೇ ಅಪಘಾತದ ವರದಿಯನ್ನು ಇಎಸ್‌ಐ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ಆದರೂ ಎರಡು ತಿಂಗಳಲ್ಲಿ ಸರ್ಟಿಫಿಕೇಟು ಬಂತು. ಅದೇ ವಾರ ನನ್ನನ್ನು ತೆಗೆದರು. ಬೇರೆಯವರ ಕಾರ್ಡು ಪಂಚ್ ಮಾಡಿದ್ದು ಕಾರಣ. ನನ್ನದೇ ಬರಹ ಸಾಕ್ಷಿ.

ಮುಂದೊಮ್ಮೆ ಕೆ.ಆರ್. ಪುರದ ಸಂತೆಯಲ್ಲಿ ಧನಲಕ್ಷ್ಮಿ ಸಿಕ್ಕಿದಳು. ಗೋಡೆಯ ಕಾಗದಗಳನ್ನು ಕಿತ್ತುಹಾಕಿದರಂತೆ. ಆದರೂ ಸ್ಟೋರಿನಿಂದ ಟೇಪು ಬಂದರೆ ಪ್ರೆಸ್ಸುಗಳು ನಿಲ್ಲುತ್ತವಂತೆ. "ಒಂಬತ್ತನೇದು ನಮಗೆ ಬಾಯಿಪಾಠ ಸಾರ್," ಎಂದಳು.

ಶಕೀಲಾರನ್ನು ಹುಡುಕಿ ಟ್ಯಾನರಿ ರೋಡಿಗೆ ಹೋದೆ. ಮನೆ ಬದಲಿಸಿದ್ದರು, ಎಲ್ಲಿಗೆಂದು ಅಕ್ಕಪಕ್ಕದವರಿಗೆ ತಿಳಿಯದು. ಪೆನ್ಶನ್ ಬಂತೋ ಇಲ್ಲವೋ, ನನಗೆ ಗೊತ್ತಿಲ್ಲ.